ಸಂಡಿಗೆಗೆ ಬಿದ್ದ ನಿಯಮಾವಳಿ

ಕೊರೊನಾ ಬಂದು ಗದ್ವಾಲದ ನಮ್ಮ ಕಾಲೇಜಿಗೆ ಬೀಗ ಬಿದ್ದಾಗ, ಮಕ್ತಲ್‌ನ ಮನೆಯಿಂದಲೇ ಇತಿಹಾಸ ಪಾಠ ಮಾಡಲು ನಾನು ಸಜ್ಜಾದೆ. ಮೊದಲು ನಿಯಮಾವಳಿ ಬರೆದೆ. ಕ್ಯಾಮೆರಾ ಆನ್ ಇರತಕ್ಕದ್ದು. ಹಿನ್ನೆಲೆ ಗೌರವಯುತವಾಗಿರತಕ್ಕದ್ದು. ಐದು ನಿಮಿಷ ತಡವಾದರೆ, ಯಾರೇ ಆಗಲಿ, ಪ್ರವೇಶವಿಲ್ಲ! ಆ ‘ಯಾರೇ ಆಗಲಿ’ ಬರೆದಾಗ ನನಗೇ ರೋಮಾಂಚನವಾಯಿತು.

ಮೊದಲ ದಿನವೇ ಧರೂರಿನ ವಿದ್ಯಾರ್ಥಿನಿ ಮಲ್ಲಮ್ಮ ತಡಮಾಡಿದಳು. “ಕುರಿ ಹಟ್ಯಾಗ ನೆಟ್‌ವರ್ಕ್ ಇಲ್ರೀ ಸರ್” ಎಂದು ಮೆಸೇಜ್ ಹಾಕಿದಳು.

“ಹಂಗಾರ ಈ ಮೆಸೇಜ್ ಹೆಂಗ ಬಂತವಾ?” ಎಂದು ಕೇಳಿ ಹೊರಗಿಟ್ಟೆ. ಶಿಸ್ತು ಕಲಿಯಲಿ ಎಂದು, ತಡವಾದವರನ್ನು ತಡೆಯುವ ಮತ್ತು ಹಾಜರಿ ಹಾಕುವ ಅಧಿಕಾರವನ್ನು ಮರುದಿನದಿಂದ ಅವಳಿಗೇ ವಹಿಸಿದೆ.

ಅಷ್ಟರಲ್ಲಿ ಪ್ರಿನ್ಸಿಪಾಲರು ನನ್ನ ತರಗತಿ ನೋಡುವುದಾಗಿ ಹೇಳಿದರು. ನಾನೋ ಕಾಂಟ್ರಾಕ್ಟ್ ಮೇಷ್ಟ್ರು. ಮುಂದಿನ ವರ್ಷದ ನನ್ನ ನೌಕರಿ ಅವರ ಕೈಯಲ್ಲಿತ್ತು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಮಾಳಿಗೆಯ ಮೇಲೆ ಮಾತ್ರ. ಅಲ್ಲಿ ಹೆಂಡತಿ ಶರಣಮ್ಮ ಆಗಷ್ಟೇ ಸಂಡಿಗೆ ಇಟ್ಟಿದ್ದಳು. ಗೌರವಯುತ ಹಿನ್ನೆಲೆಗಾಗಿ ಅವಳ ಹೊಸ ನಾರಾಯಣಪೇಟೆ ಸೀರೆಯನ್ನು ಹಗ್ಗಕ್ಕೆ ಇಳಿಬಿಟ್ಟೆ. ಗಾಳಿಗೆ ಹಾರದಂತೆ ಸೆರಗನ್ನು ಫೋನ್ ಇಟ್ಟ ಸ್ಟೂಲಿನ ಕಾಲಿಗೆ ಬಿಗಿದೆ. ಎಂಥ ಮುಂದಾಲೋಚನೆ!

ಪಾಠ ಶುರುವಾಗಿತ್ತು. ಶರಣಮ್ಮ ಮೇಲೆ ಬಂದಳು.

“ಅಯ್ಯ ಶಿವನ! ತಮ್ಮನ ಮದಿವಿಗಿ ಇಟ್ಟ ಸೀರಿ ಬಿಸಲಾಗ ಹಾಕೀರೇನ್ರೀ?”

“ಏ, ಸರಿ ಆ ಕಡಿ! ಪ್ರಿನ್ಸಿಪಾಲ್ರು ನೋಡಾಕತ್ತಾರ!”

“ನೋಡ್ಲಿ ಬಿಡ್ರೀ!”

ಎಳೆದಳು. ಸೀರೆ ಬಂತು, ಸ್ಟೂಲೂ ಬಂತು. ಫೋನು ಹಸಿ ಸಂಡಿಗೆಯಲ್ಲಿ ಬೋರಲು ಬಿತ್ತು.

ಹಿಟ್ಟು ಒರೆಸಿ, ಫೋನನ್ನು ಮತ್ತೆ ಆನ್ ಮಾಡುವಷ್ಟರಲ್ಲಿ ಐದು ನಿಮಿಷ ದಾಟಿತ್ತು. ತರಗತಿಯ ಬಾಗಿಲು ತೆರೆಯಲಿಲ್ಲ. ಮಲ್ಲಮ್ಮನ ಮೆಸೇಜ್ ಬಂತು: “ತಪ್ಪ ತಿಳ್ಕೋಬ್ಯಾಡ್ರಿ ಸರ್. ಬಿಡಾಕ ನಿಯಮ ಇಲ್ರೀ. ಪ್ರಿನ್ಸಿಪಾಲ್ ಸರ್ ಸುದ್ದಾ ಬ್ಯಾಡ ಅಂದ್ರು.”

ನನ್ನದೇ ತರಗತಿಗೆ ನಾನೇ ಗೈರುಹಾಜರು!

ಸಂಜೆ ಪ್ರಿನ್ಸಿಪಾಲರ ಫೋನ್ ಬಂತು. “ನೌಕರಿ ಚಿಂತಿ ಬಿಡ್ರಿ ಮಾಸ್ತರ. ನಿಮ್ಮ ನಿಯಮ ಭಾಳ ಚಲೋ ಅವ. ಇಡೀ ಕಾಲೇಜಿಗಿ ಜಾರಿ ಮಾಡೀನಿ. ಆದ್ರ ಆ ಮಾಳಿಗಿ ಬ್ಯಾಡ. ನೀವು ಕಾಲೇಜಿಗೇ ಬಂದು ಆನ್‌ಲೈನ್ ಪಾಠ ಮಾಡ್ರಿ!”

ಬಸ್ಸುಗಳು ಶುರುವಾದ ಮೇಲೆ ವಿದ್ಯಾರ್ಥಿಗಳೆಲ್ಲ ಮನೆಯಲ್ಲಿ ಹಾಯಾಗಿದ್ದರು. ನಾನೊಬ್ಬನೇ ದಿನವೂ ಗದ್ವಾಲಕ್ಕೆ ಹೋಗಿ ಖಾಲಿ ಬೆಂಚುಗಳ ಮುಂದೆ ಕುಳಿತು ಫೋನಿಗೆ ಪಾಠ ಹೇಳುತ್ತಿದ್ದೆ. ಒಂದು ದಿನ ಬಸ್ ತಡವಾಯಿತು. ದಾರಿಯಿಂದಲೇ ಮಲ್ಲಮ್ಮನಿಗೆ ಮೆಸೇಜ್ ಹಾಕಿದೆ: “ಇಲ್ಲಿ ನೆಟ್‌ವರ್ಕ್ ಇಲ್ಲ ತಂಗಿ, ಇವತ್ತೊಂದಿನ ಒಳಗ ಬಿಡು.”

ಉತ್ತರ ತಕ್ಷಣ ಬಂತು.

“ಹಂಗಾರ ಈ ಮೆಸೇಜ್ ಹೆಂಗ ಬಂತ್ರೀ ಸರ್?”