ಲದ್ರೋನ್ ಎಂಬ ಮನೆಹೆಸರು

ಅಕ್ಟೋಬರ್ ಕಡೆಯ ವಾರ. ಲಾ ಮಂಚಾದ ಬಯಲಿನಲ್ಲಿ ಕೇಸರಿ ಹೂ ಬಿಟ್ಟಿತ್ತು. ಹೂ ಬಾಯಿ ತೆರೆಯುವ ಮೊದಲೇ ಕೊಯ್ಯಬೇಕು, ಬಿಸಿಲು ತಾಗಿ ಅರಳಿತೆಂದರೆ ಒಳಗಿನ ಎಳೆ ಬಾಡಿಹೋಗುತ್ತದೆ. ಹಾಗಾಗಿ ಬೆಳಕು ಹರಿಯುವ ಮುಂಚೆಯೇ ಊರಿಗೆ ಊರೇ ಹೊಲಗಳಲ್ಲಿ ಬೆನ್ನು ಬಗ್ಗಿಸಿತ್ತು. ದೂರದಿಂದ ನೋಡಿದವರಿಗೆ ಯಾರದೋ ಉಂಗುರ ಕಳೆದುಹೋಗಿ ಎಲ್ಲರೂ ಸೇರಿ ಹುಡುಕುತ್ತಿರುವಂತೆ ಕಾಣುತ್ತಿತ್ತು.

ಮೆಲಿತೋನ್ ಮಾತ್ರ ಬಗ್ಗಿರಲಿಲ್ಲ. ತುಂಬಿದ ಬುಟ್ಟಿಗಳನ್ನು ಹೊತ್ತು ಊರ ಸಾಹುಕಾರ ದೋನ್ ಫ್ರುತೋಸನ ಮನೆಗೆ ಮುಟ್ಟಿಸುವುದು ಅವನ ಕೆಲಸ. ಸ್ವಂತ ಹೊಲವಿಲ್ಲದ ಕೂಲಿಯವನು. ಆದರೂ ಆ ದಿನ ಅವನ ನಡಿಗೆಯಲ್ಲಿ ಒಂದು ಬಗೆಯ ಬಿರುಸಿತ್ತು. ಊರ ಕೇಸರಿಯನ್ನೆಲ್ಲ ವ್ಯಾಪಾರಿ ಬರುವ ತನಕ ಒಂದೇ ದೊಡ್ಡ ಪೆಟ್ಟಿಗೆಯಲ್ಲಿ ಇಡುವುದು ವಾಡಿಕೆ. ಅದರ ಕೀಲಿ ಇಟ್ಟುಕೊಂಡಿದ್ದ ಮುದುಕ ಬೇಸಿಗೆಯಲ್ಲಿ ತೀರಿಕೊಂಡಿದ್ದ. ಹೊಸಬ ಯಾರೆಂದು ಅಂದು ಸಂಜೆ ತೀರ್ಮಾನವಾಗಬೇಕಿತ್ತು. ತನಗೇ ಸಿಗಲಿ ಎಂದು ಮೆಲಿತೋನ್ ಬಾಯಿಬಿಟ್ಟು ಕೇಳಿದ್ದ. ಅದರಲ್ಲಿ ಸಂಬಳವಿಲ್ಲ. ಆದರೆ ಆ ಕೀಲಿ ಸೊಂಟದಲ್ಲಿ ನೇತಾಡುತ್ತಿದ್ದರೆ ತನ್ನ ಹೆಸರು ಇನ್ನಾದರೂ ಸುಮ್ಮನಿದ್ದೀತು ಎಂದು ಅವನ ಆಸೆ.

ಅವನ ಪೂರ್ತಿ ಹೆಸರು ಮೆಲಿತೋನ್ ಲದ್ರೋನ್ ಕಾರೊ. ಆ ಸೀಮೆಯಲ್ಲಿ ಅಪ್ಪನದೊಂದು, ಅಮ್ಮನದೊಂದು, ಎಲ್ಲರಿಗೂ ಎರಡೆರಡು ಮನೆಹೆಸರು. ಲದ್ರೋನ್ ಎಂದರೆ ಕಳ್ಳ. ಕಾರೊ ಎಂದರೆ ದುಬಾರಿ. ಹೆತ್ತವರಿಬ್ಬರೂ ಸೇರಿ ಮಗನನ್ನು ದುಬಾರಿ ಕಳ್ಳನನ್ನಾಗಿ ಮಾಡಿಟ್ಟು ಹೋಗಿದ್ದರು.

ಆ ಹೆಸರಿನ ಭಯಕ್ಕೆ ಅವನು ಅಂಗಡಿಗೆ ಹೋದರೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನಿಲ್ಲುತ್ತಿದ್ದ. ದಾರಿಯಲ್ಲಿ ಹೇಸರಗತ್ತೆಯ ಲಾಳದ ಮೊಳೆ ಬಿದ್ದಿದ್ದರೂ ಎತ್ತಿಕೊಂಡು ಮನೆಮನೆಯ ಬಾಗಿಲು ತಟ್ಟಿ “ನಿಮ್ಮದಾ?” ಎಂದು ಕೇಳುತ್ತಿದ್ದ. ಅವನು ಮೊಳೆ ಕೊಟ್ಟು ಅತ್ತ ಹೋದ ಮೇಲೆ ಮನೆಯವರು ಉಳಿದ ಮೊಳೆಗಳು ಸರಿಯಾಗಿವೆಯೇ ಎಂದು ಎಣಿಸಿ ನೋಡುತ್ತಿದ್ದರು.

ಹೆಂಡತಿ ಕಸಿಲ್ದಾ ಬ್ವೇನೊ. ಮದುವೆಯಾದರೂ ಅಲ್ಲಿ ಹೆಂಗಸರ ತವರಿನ ಹೆಸರು ಅಳಿಯುವುದಿಲ್ಲ, ಮತ್ತು ಬ್ವೇನೊ ಎಂದರೆ ಒಳ್ಳೆಯವನು. ಮದುವೆಯ ದಿನ ಚರ್ಚಿನ ಮೆಟ್ಟಿಲ ಮೇಲೇ ಯಾರೋ ಕೂಗಿದ್ದರು: “ಹುಟ್ಟೋ ಮಗು ಲದ್ರೋನ್ ಬ್ವೇನೊ! ಏಸುವಿನ ಪಕ್ಕದಲ್ಲಿ ಶಿಲುಬೆಗೇರಿದನಲ್ಲ, ಆ ಒಳ್ಳೇ ಕಳ್ಳ! ಈಗಲೇ ಒಂದು ಶಿಲುಬೆ ಬುಕ್ ಮಾಡಿಡಿ!” ಮಗು ಹುಟ್ಟಲೇ ಇಲ್ಲ. ವರ್ಷಗಳು ಕಳೆದ ಮೇಲೆ “ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು ಬಿಡು” ಎಂದು ನಕ್ಕವರೂ ಇದ್ದರು. ಮೆಲಿತೋನ್ ಅವರ ಜೊತೆ ತಾನೂ ನಕ್ಕಿದ್ದ. ಕಸಿಲ್ದಾ ನಕ್ಕಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಫ್ರುತೋಸನ ನಡುಮನೆಯ ಉದ್ದನೆಯ ಮೇಜಿನ ಮೇಲೆ ನೇರಳೆ ಹೂವಿನ ಗುಡ್ಡೆ ಬಿದ್ದಿತ್ತು. ಸುತ್ತ ಕೂತ ಹೆಂಗಸರ ಬೆರಳುಗಳು ಒಂದೊಂದು ಹೂವಿನಿಂದ ಕೆಂಪು ಎಳೆ ಕಿತ್ತು ತಟ್ಟೆಗೆ ಹಾಕುತ್ತಿದ್ದವು. ಬೆರಳಿಗಿಂತ ಜೋರಾಗಿ ಬಾಯಿ ನಡೆಯುತ್ತಿತ್ತು. ತುಂಬಿದ ತಟ್ಟೆಯನ್ನು ಒಳಕೋಣೆಯ ತಕ್ಕಡಿಗೆ ಒಯ್ಯುವುದೂ ಮೆಲಿತೋನನ ಪಾಲಿನ ಕೆಲಸವೇ.

“ಏ ಮೆಲಿತೋನ್,” ಎಂದಳು ಪಕ್ಕದ ಮನೆಯ ನಿಕಾಸಿಯತ್ತೆ. ಊರಿನವರೆಲ್ಲರಿಗೂ ಅವಳು ಅತ್ತೆ. “ಕೀಲಿ ನಿಂಗೆ ಕೊಟ್ಟ ಮೇಲೆ ಪೆಟ್ಟಿಗೆಗೆ ಬೀಗ ಯಾಕೋ? ಮಾರಿಬಿಡೋಣ. ನಾಕು ಕಾಸಾದ್ರೂ ಬರುತ್ತೆ.”

ಮೇಜಿಗೆ ಮೇಜೇ ನಕ್ಕಿತು. ಮೆಲಿತೋನ್ ಹಲ್ಲು ಕಿರಿದ.

“ನಿಮ್ಮ ಬಾಯಿಗೊಂದು ಬೀಗ ಹಾಕಿದ್ರೆ ಊರು ತಣ್ಣಗಿರುತ್ತೆ ಅತ್ತೆ,” ಎಂದಳು ಕಸಿಲ್ದಾ, ತಲೆಯೆತ್ತದೆ.

“ಅಯ್ಯೋ, ತಮಾಷೆಗೆ ಅಂದೆ ಕಣೇ. ನಿನ್ನ ಗಂಡ ಚಿನ್ನದಂಥೋನು.”

“ಹೌದು, ಯಾರದೋ ಚಿನ್ನ,” ಎಂದು ತುದಿಯಲ್ಲಿ ಕೂತಿದ್ದ ಒಬ್ಬಳು ಸೇರಿಸಿದಳು. ಮತ್ತೆ ನಗೆ.

ತೊಂದರೆ ಶುರುವಾದದ್ದು ಒಂದು ತಟ್ಟೆಯಿಂದ. ಹೊಲದಿಂದ ಬುಟ್ಟಿ ಬಂತೆಂದು ಯಾರೋ ಕೂಗಿದಾಗ ಮೆಲಿತೋನ್ ಕೈಯಲ್ಲಿದ್ದ ತುಂಬಿದ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಗೆ ಹೋದ. ಬುಟ್ಟಿ ಇಳಿಸಿ ಬಂದು ನೋಡುತ್ತಾನೆ, ತಟ್ಟೆ ಅರ್ಧ ಖಾಲಿ. ಬೇರೆಯವನಾಗಿದ್ದರೆ ಪಕ್ಕದ ತಟ್ಟೆಯಿಂದ ಒಂದಿಷ್ಟು ಸುರಿದು ಸರಿಮಾಡುತ್ತಿದ್ದನೇನೋ. ಮೆಲಿತೋನ್ ಹಾಗೆ ಮಾಡಬಲ್ಲವನಲ್ಲ. ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಡುಮನೆಯ ಮಧ್ಯೆ ನಿಂತು, “ಇದರಲ್ಲಿ ಕಡಿಮೆಯಾಗಿದೆ,” ಎಂದು ತಾನೇ ಸಾರಿದ.

ಬೆರಳುಗಳು ನಿಂತವು. ಬಾಯಿಗಳೂ ನಿಂತವು.

ಒಳಕೋಣೆಯಿಂದ ದೋನ್ ಫ್ರುತೋಸ್ ಬಂದ. ದಪ್ಪ ಮನುಷ್ಯ, ಸಿಟ್ಟು ಬಂದರೆ ಮೊದಲು ಕಿವಿ ಕೆಂಪಾಗುತ್ತಿತ್ತು. “ತಟ್ಟೆ ಯಾರ ಕೈಲಿತ್ತು?” ಎಂದ.

“ನನ್ನ ಕೈಲಿ.”

“ಆಮೇಲೆ?”

“ಕಿಟಕಿ ಕಟ್ಟೆ ಮೇಲೆ. ಇಟ್ಟವನೂ ನಾನೇ, ಎತ್ತಿದವನೂ ನಾನೇ.”

“ಸರಿ ಮತ್ತೆ,” ಎಂದ ಫ್ರುತೋಸ್. ಮುಂದೆ ಕೇಳುವುದಕ್ಕೇನೂ ಉಳಿದಿಲ್ಲ ಎಂಬಂತಿತ್ತು ಅವನ ದನಿ.

ಆ ಹೊತ್ತಿಗೆ ಅಬಿಲಿಯೊ ಮೇಷ್ಟ್ರು ಶಾಲೆ ಬಿಟ್ಟು ಬಂದಿದ್ದರು. ಕೇಸರಿಯ ಕಾಲದಲ್ಲಿ ಹೂ ಬಿಡಿಸುವ ಮನೆಗಳಿಗೆ ಹೋಗಿ ಎರಡು ಲೋಟ ವೈನ್ ಕುಡಿದು ಮಾತಾಡುವುದು ಅವರ ರೂಢಿ. ಮೆಲಿತೋನನ ಮುಖ ನೋಡಿ ಅವರಿಗೆ ಮರುಕ ಹುಟ್ಟಿತು.

“ಬರೀ ಹೆಸರು ನೋಡಿ ಮನುಷ್ಯನ್ನ ಅಳೀಬೇಡಿ ಫ್ರುತೋಸ್,” ಎಂದರು. “ಲದ್ರೋನ್ ಅಂದ್ರೆ ಏನಂತ ತಿಳಿದಿದೀರಿ? ರಾಜರ ಕಾಲದ ಹೆಸರು. ಈ ದೇಶದಲ್ಲಿ ಎಷ್ಟೋ ಮನೆತನಗಳಿಗೆ ಇದೆ, ದೊಡ್ಡ ದೊಡ್ಡ ಮನೆತನಗಳಿಗೂ ಇದೆ. ಅದರ ಹಿಂದೆ ಒಂದು ಕತೆ ಹೇಳ್ತಾರೆ. ಉತ್ತರದ ಬೆಟ್ಟದಲ್ಲಿ ತುಂಬು ಗರ್ಭಿಣಿ ರಾಣಿಯನ್ನ ಶತ್ರುಗಳು ಇರಿದು ಹಾಕಿದ್ರಂತೆ. ಆ ದಾರೀಲಿ ಬಂದ ಒಬ್ಬ ಸರದಾರ ನೋಡ್ತಾನೆ, ಗಾಯದಿಂದ ಒಂದು ಪುಟ್ಟ ಕೈ ಹೊರಗೆ ಬಂದಿದೆ! ಮಗೂನ ಹೊರಗೆ ತೆಗೆದು, ಯಾರಿಗೂ ಹೇಳದೆ ಸಾಕಿ, ದೊಡ್ಡವನಾದ ಮೇಲೆ ಕರಕೊಂಡು ಬಂದು ಸಿಂಹಾಸನದ ಮೇಲೆ ಕೂರಿಸಿದ. ಜನ ಪ್ರೀತಿಯಿಂದ ಆ ಸರದಾರನನ್ನ ಲದ್ರೋನ್ ಅಂದ್ರು.”

ಮೆಲಿತೋನನ ಬೆನ್ನು ತುಸು ನೆಟ್ಟಗಾಯಿತು.

“ಅಂದ್ರೆ,” ಎಂದಳು ನಿಕಾಸಿಯತ್ತೆ ಯೋಚಿಸುತ್ತ, “ಮೊದಲನೇ ಲದ್ರೋನ್ ನಿಜವಾಗ್ಲೂ ಕದ್ದಿದ್ದ ಅಂತಾಯ್ತು.”

“ಅದು ಕಳ್ಳತನ ಅಲ್ಲ ಅತ್ತೆ, ಅದು…”

“ಸತ್ತವಳ ಹೊಟ್ಟೆಯಿಂದ ಮಗೂನೇ ಕದ್ದೋನು, ಕೇಸರಿ ಬಿಡ್ತಾನಾ ಮೇಷ್ಟ್ರೇ?”

ಮೇಷ್ಟ್ರು ವೈನಿನ ಲೋಟದೊಳಗೆ ಮುಖ ಹುದುಗಿಸಿದರು. ಫ್ರುತೋಸನ ಕಿವಿ ಇನ್ನಷ್ಟು ಕೆಂಪಾಯಿತು. “ಜಾಕೆಟ್ ಬಿಚ್ಚು,” ಎಂದ.

ಅಂಗಳದಲ್ಲಿ, ನೀರಿನ ತೊಟ್ಟಿಯ ಪಕ್ಕ ತಪಾಸಣೆ ನಡೆಯಿತು. ಟೋಪಿ ಕಳಚಿತು, ಜಾಕೆಟ್ ಕಳಚಿತು, ಬೂಟು ಕಳಚಿತು. ಬೂಟಿನೊಳಗೆ ಒಂದು ಗುಂಡುಕಲ್ಲು ಸಿಕ್ಕಿತು. ಬೆಳಗಿನಿಂದ ಚುಚ್ಚುತ್ತಿದ್ದದ್ದು ಅದೇ ಎಂದು ಮೆಲಿತೋನನಿಗೆ ಆಗ ತಿಳಿಯಿತು. ಅಂಗಿ ಬಿಚ್ಚಿಸಿ ಎದೆಯ ಕೂದಲನ್ನು ಬೆರಳಿನಿಂದ ಬಿಡಿಸಿ ನೋಡಿದರು, ಹೇನು ಹುಡುಕುವವರ ಹಾಗೆ. ಪ್ಯಾಂಟಿಗಾಗಿ ಬಾಗಿಲ ಹಿಂದೆ ಕರೆದೊಯ್ದರು. ಅಷ್ಟು ಮರ್ಯಾದೆಯನ್ನು ಕೊಟ್ಟರು.

ಹೊರಗೆ ಕಸಿಲ್ದಾಳ ದನಿ ಅಂಗಳವನ್ನೇ ಅಲುಗಿಸುತ್ತಿತ್ತು. “ನೋಡಿ, ಚೆನ್ನಾಗಿ ನೋಡಿ! ಹಲ್ಲಿನ ಸಂದೀಲೂ ನೋಡಿ! ಈ ಊರಲ್ಲಿ ಬೇರೊಬ್ಬರ ಹುಲ್ಲುಕಡ್ಡಿ ಮುಟ್ಟದೇ ಇರೋನು ಅವನೊಬ್ಬನೇ, ಅವನ ಪ್ಯಾಂಟೇ ಬಿಚ್ಚಿಸ್ತೀರಾ? ನಾನೂ ಆ ಮೇಜಲ್ಲೇ ಕೂತಿದ್ದೆ. ನನ್ನನ್ನೂ ನೋಡಿ, ಬನ್ನಿ!”

ಫ್ರುತೋಸ್ ಬಾಗಿಲಿಂದ ತಲೆ ಹೊರಹಾಕಿದ. “ನಿನ್ನನ್ಯಾಕೆ ನೋಡೋದು ಕಸಿಲ್ದಾ? ನೀನು ಬ್ವೇನೊ ಮನೆಯವಳು. ನಿಮ್ಮಪ್ಪನ್ನ ನೋಡಿಲ್ವಾ ನಾವು!”

ಮೆಲಿತೋನನ ಮೈಮೇಲೆ ಒಂದೇ ಒಂದು ಎಳೆಯೂ ಸಿಗಲಿಲ್ಲ. ಸಿಗದೇ ಇದ್ದದ್ದು ಎಲ್ಲರಿಗೂ ಇನ್ನಷ್ಟು ಅನುಮಾನ ಹುಟ್ಟಿಸಿತು. “ನುರಿತವನು,” ಎಂದು ಯಾರೋ ಪಿಸುಗುಟ್ಟಿದರು. ಫ್ರುತೋಸ್ ಅವನ ಮುಖ ನೋಡದೆ, “ಇವತ್ತಿಗೆ ಸಾಕು, ಮನೆಗೆ ಹೋಗು,” ಎಂದ. ಕೀಲಿಯ ಮಾತನ್ನು ಯಾರೂ ಎತ್ತಲಿಲ್ಲ. ಕಸಿಲ್ದಾ ಅರ್ಧ ಬಿಡಿಸಿದ ಹೂವನ್ನು ಮೇಜಿನ ಮೇಲೆ ಎಸೆದು ಗಂಡನ ಹಿಂದೆ ಹೊರಟಳು.

ಮನೆಯೊಳಗೆ ಬಂದು ಮೆಲಿತೋನ್ ಒಲೆಯ ಮುಂದೆ ಕುಕ್ಕರಿಸಿದ. ಕಸಿಲ್ದಾ ಬಾಗಿಲಿನ ಅಗುಳಿ ಹಾಕಿದಳು. ತಲೆಗೆ ಸುತ್ತಿದ್ದ ಕಪ್ಪು ವಸ್ತ್ರವನ್ನು ಬಿಚ್ಚಿದಳು. ಒಳಗಿನ ಮಡಿಕೆಯಿಂದ ಒದ್ದೆ ಕೆಂಪು ಮುದ್ದೆಯೊಂದು, ಕೋಳಿಮೊಟ್ಟೆಯಷ್ಟು ದೊಡ್ಡದು, ಮೇಜಿನ ಮೇಲೆ ತೊಪ್ಪನೆ ಬಿತ್ತು.

ಮೆಲಿತೋನ್ ಅದನ್ನು ನೋಡಿದ. ಹೆಂಡತಿಯನ್ನು ನೋಡಿದ. ಮತ್ತೆ ಅದನ್ನು ನೋಡಿದ.

“ಹಾಗೆ ನೋಡಬೇಡ,” ಎಂದಳು ಕಸಿಲ್ದಾ. “ಮದುವೆಯಾದ ದಿನದಿಂದ ಕಳ್ಳನ ಹೆಂಡತಿ ಅನ್ನಿಸ್ಕೊಂಡಿದೀನಿ. ಕಳ್ಳನ ಮನೆಯ ಸುಖ ಒಂದು ದಿನವಾದ್ರೂ ಕಂಡಿದೀನಾ? ಬೈಗುಳಾನೂ ನಮ್ಮದೇ, ಬಡತನಾನೂ ನಮ್ಮದೇ. ಯಾವ ನ್ಯಾಯ ಇದು?”

“ವಾಪಸ್ ಕೊಟ್ಟು ಬರ್ತೀನಿ,” ಎಂದು ಮೆಲಿತೋನ್ ಎದ್ದ.

“ಕೊಡು. ಕೊಡೋದು ಯಾರು? ಲದ್ರೋನ್.”

ಅವನು ಮತ್ತೆ ಕೂತ. “ಹಾಗಾದ್ರೆ ನೀನೇ ಹೋಗಿ ಹೇಳು, ಕದ್ದದ್ದು ನೀನೇ ಅಂತ.”

“ಹೇಳ್ತೀನಿ ನಡಿ, ಈಗಲೇ ಹೇಳ್ತೀನಿ. ಯಾರು ನಂಬ್ತಾರೆ ನೋಡು. ಪಾಪ, ಗಂಡನ್ನ ಉಳಿಸೋಕೆ ಸುಳ್ಳು ಹೇಳ್ತಿದಾಳೆ ಪುಣ್ಯಾತ್ಗಿತ್ತಿ ಅಂತಾರೆ.”

ಅದು ನಿಜವೆಂದು ಮೆಲಿತೋನನಿಗೆ ಗೊತ್ತಿತ್ತು. ಅವನು ಯೋಚಿಸತೊಡಗಿದ. ಹಸಿ ಎಳೆಯನ್ನು ಹಾಗೇ ಬಿಟ್ಟರೆ ಬೆಳಗಾಗುವುದರಲ್ಲಿ ಕೊಳೆಯುತ್ತದೆ. ಕೆಂಡದ ಮೇಲೆ ಹುರಿದಿಟ್ಟರೆ ಕೆಡುವುದಿಲ್ಲ, ಆದರೆ ಹುರಿದ ಕೇಸರಿಯ ವಾಸನೆ ಬೀದಿಯ ಕೊನೆಯ ತನಕ ಹೋಗುತ್ತದೆ. ಅಂಗೈಯಗಲ ಹೊಲವಿಲ್ಲದ ಮನೆಯಿಂದ ಆ ವಾಸನೆ ಬಂದರೆ ಬೇರೆ ಸಾಕ್ಷಿ ಬೇಕಿಲ್ಲ, ಒಲೆಗೆ ಹಾಕಿ ಸುಟ್ಟರೂ ಅದೇ ಗತಿ. ಬಚ್ಚಲಿಗೆ ಹಾಕಿದರೆ ನೀರು ಹಳದಿಯಾಗಿ ನಿಕಾಸಿಯತ್ತೆಯ ಬಾಗಿಲ ಮುಂದೆಯೇ ಹರಿದುಹೋಗುತ್ತದೆ. ಹೂಳೋಣವೆಂದರೆ ಅಂಗಳಕ್ಕೆಲ್ಲ ಕಲ್ಲು ಹಾಸಿದೆ. ಹೊರಗೆ ಒಯ್ಯೋಣವೆಂದರೆ ಇವತ್ತು ಊರಿನ ಕಣ್ಣೆಲ್ಲ ಅವನ ಜೇಬಿನ ಮೇಲೇ.

ಹಿಂದಿನ ರಾತ್ರಿಯ ಮೊಲದ ಮಾಂಸ ಮಡಕೆಯಲ್ಲಿ ಉಳಿದಿತ್ತು. “ಅಕ್ಕಿ ಹಾಕು,” ಎಂದ ಮೆಲಿತೋನ್ ಕೊನೆಗೆ.

ಅನ್ನಕ್ಕೆ ಒಂದೆರಡು ಎಳೆ ಹಾಕುವುದು ಎಲ್ಲ ಮನೆಯಲ್ಲೂ ಇದ್ದದ್ದೇ, ಆ ವಾಸನೆಗೆ ಯಾರೂ ಮೂಗು ಎತ್ತುವುದಿಲ್ಲ. ಆದರೆ ಒಂದೂರಿನ ಹಬ್ಬಕ್ಕಾಗುವಷ್ಟು ಕೇಸರಿ ಒಂದು ಬೋಗುಣಿ ಅನ್ನಕ್ಕೆ ಬಿದ್ದರೆ ಅದು ಊಟವಲ್ಲ, ಔಷಧ. ಕಸಿಲ್ದಾ ಒಂದು ಅಗುಳು ನಾಲಿಗೆಯ ತುದಿಗೆ ಇಟ್ಟುಕೊಂಡು ಉಗುಳಿದಳು. “ನಂಗೆ ಕಹಿ ಆಗಲ್ಲ,” ಎಂದು ಬಾಯಿ ತೊಳೆದುಕೊಂಡು ಕೂತಳು.

ಮೆಲಿತೋನ್ ತಿಂದ. ಕಣ್ಣಲ್ಲಿ ನೀರು ಬಂತು, ತಿಂದ. ಗಂಟಲು ಮುಚ್ಚಿಕೊಂಡಿತು, ತಿಂದ. ಕಹಿ ಕಿವಿಯ ತನಕ ಏರಿತು. ಹುಟ್ಟಿದಾಗಿನಿಂದ ಯಾರ ಒಂದು ದ್ರಾಕ್ಷಿಯನ್ನೂ ಕೇಳದೆ ತಿನ್ನದವನು ಅಂದು ಫ್ರುತೋಸನ ಕೇಸರಿಯನ್ನು ಬೋಗುಣಿ ಕೆರೆದು, ಕೆರೆದದ್ದನ್ನು ನೆಕ್ಕಿ ಮುಗಿಸಿದ.

ಕಡೆಯ ಅಗುಳು ಇಳಿಯುವುದಕ್ಕೂ ಬಾಗಿಲು ಬಡಿಯುವುದಕ್ಕೂ ಸರಿಹೋಯಿತು.

ಕತ್ತಲಾಗುತ್ತಿದ್ದ ಬೀದಿಯಲ್ಲಿ ಲಾಟೀನು ಹಿಡಿದ ಫ್ರುತೋಸ್, ಪಕ್ಕದಲ್ಲಿ ಮೇಷ್ಟ್ರು, ನಿಕಾಸಿಯತ್ತೆ, ಹಿಂದೆ ಮೇಜಿನ ಹೆಂಗಸರು. ಬಾಗಿಲು ತೆರೆದ ಮೆಲಿತೋನ್ ಮತ್ತೆ ತಪಾಸಣೆಯೆಂದು ತಾನೇ ಜಾಕೆಟ್ಟಿನ ಗುಂಡಿಗೆ ಕೈಹಾಕಿದ. ಆದರೆ ಫ್ರುತೋಸ್ ಟೋಪಿ ತೆಗೆದ.

“ಮೆಲಿತೋನ್, ನಮ್ಮಿಂದ ತಪ್ಪಾಯ್ತಪ್ಪ.”

“ಬೆಕ್ಕು!” ಎಂದಳು ನಿಕಾಸಿಯತ್ತೆ. “ಇವರ ಮನೆಯ ಆ ದರಿದ್ರ ಬೆಕ್ಕು ಕಣೋ! ಮೀಸೇಲಿ ಕೆಂಪು ಎಳೆ ಅಂಟಿತ್ತು. ನಾನೇ ಕಣ್ಣಾರೆ ನೋಡಿದೆ. ನಾನು ಆಗ್ಲೇ ಅಂದ್ಕೊಂಡೆ, ನಮ್ಮ ಮೆಲಿತೋನ್ ಅಂಥೋನಲ್ಲ ಅಂತ.”

“ಎಲ್ಲರೂ ಒಟ್ಟಾಗಿ ತೀರ್ಮಾನ ಮಾಡಿದೀವಿ,” ಎಂದ ಫ್ರುತೋಸ್. ಜೇಬಿನಿಂದ ಗೇಣುದ್ದದ ಕಬ್ಬಿಣದ ಕೀಲಿ ತೆಗೆದು ಮೆಲಿತೋನನ ಅಂಗೈಯಲ್ಲಿಟ್ಟು ಬೆರಳು ಮಡಿಸಿದ. “ಪೆಟ್ಟಿಗೆ ಇನ್ನು ನಿನ್ನದು. ತಟ್ಟೆ ಖಾಲಿಯಾದ್ರೆ ತಾನೇ ಬಂದು ಹೇಳೋ ಮನುಷ್ಯ ನಮಗೆ ಇನ್ನೆಲ್ಲಿ ಸಿಗ್ತಾನೆ?”

ಮೆಲಿತೋನ್ ತುಟಿ ಬಿಗಿದು ತಲೆಯಾಡಿಸಿದ.

“ಸಿಟ್ಟಾ? ಇರಲಿ, ಬೈದುಬಿಡು. ಒಂದು ಮಾತಾಡು.”

“ಅವನಿಗೆ ಮಾತೇ ಹೊರಡ್ತಿಲ್ಲ,” ಎಂದಳು ಕಸಿಲ್ದಾ ಹಿಂದಿನಿಂದ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ಇವತ್ತಿನಿಂದ ಈ ಊರಲ್ಲಿ ಲದ್ರೋನ್ ಅಂದ್ರೆ ಪ್ರಾಮಾಣಿಕ ಅಂತ ಅರ್ಥ. ನನ್ನ ಶಾಲೆ ಮಕ್ಕಳಿಗೂ ಹಾಗೇ ಹೇಳಿಕೊಡ್ತೀನಿ.”

ಆ ಮಾತನ್ನು ಮೆಲಿತೋನ್ ನಡುಹಗಲಿನಲ್ಲಿ ಬುಟ್ಟಿ ಹೊರುವಾಗ, ನಿದ್ದೆ ಬಾರದೆ ಹೊರಳುವಾಗ, ಎಷ್ಟೋ ಸಲ ಮನಸ್ಸಿನಲ್ಲೇ ಕೇಳಿಸಿಕೊಂಡಿದ್ದ. ಈಗ ನಿಜವಾಗಿ ಕಿವಿಗೆ ಬಿದ್ದಾಗ ಅವನಿಗೆ ಮೈಮೇಲೆ ಎಚ್ಚರ ಉಳಿಯಲಿಲ್ಲ. ಅಷ್ಟು ವರ್ಷ ಹಲ್ಲು ಕಿರಿದು ನುಂಗಿದ್ದೆಲ್ಲ ಎದೆಯಿಂದ ಒಮ್ಮೆಗೇ ಎದ್ದು ಬಂತು. ಅವನು ಮುಖ ಮೇಲೆತ್ತಿ, ಬಾಯಿ ಪೂರ್ತಿ ತೆರೆದು, ಗಹಗಹಿಸಿ ನಕ್ಕ.

ಲಾಟೀನಿನ ಬೆಳಕು ನೇರವಾಗಿ ಬಾಯೊಳಗೆ ಬಿತ್ತು. ನಾಲಿಗೆ, ಹಲ್ಲು, ವಸಡು, ಅಂಗುಳು, ಎಲ್ಲವೂ ಚರ್ಚಿನ ಬಂಗಾರದ ಬಟ್ಟಲಿನ ಒಳಮೈಯಂತೆ ಝಗ್ಗನೆ ಹಳದಿಯಾಗಿ ಹೊಳೆದವು.

ಫ್ರುತೋಸ್ ಲಾಟೀನನ್ನು ಇನ್ನೊಂದಿಷ್ಟು ಮೇಲೆತ್ತಿ ನೋಡಿದ. ಆಮೇಲೆ ಮಲಗಿದ ಮಗುವಿನ ಕೈಯಿಂದ ಆಟಿಕೆ ಬಿಡಿಸಿಕೊಳ್ಳುವ ಹಾಗೆ, ಮೆಲ್ಲಗೆ, ಅವನ ಬೆರಳು ಬಿಡಿಸಿ ಕೀಲಿ ತೆಗೆದುಕೊಂಡ.

ಮೊದಲು ದನಿ ಹೊರಟದ್ದು ಕಸಿಲ್ದಾಳದು.

“ಅಯ್ಯೋ ದೇವಮಾತೆ!” ಎಂದು ಅವಳು ಎರಡೂ ಕೈಯಲ್ಲಿ ಎದೆ ಬಡಿದುಕೊಂಡಳು. “ಮೆಲಿತೋನ್! ನೀನಾ?”

ನಿಕಾಸಿಯತ್ತೆ ಮೆಲಿತೋನನನ್ನು ಬದಿಗೆ ತಳ್ಳಿ ಒಳನುಗ್ಗಿ ಅವಳನ್ನು ತಬ್ಬಿಕೊಂಡಳು. “ಅಳಬೇಡ ಮಗಳೇ, ಬಾ, ಇವತ್ತು ನಮ್ಮನೇಲಿ ಮಲಗು. ಬ್ವೇನೊ ಮನೆ ಹುಡುಗಿ, ಎಂಥವನ ಕೈಗೆ ಸಿಕ್ಕಿಬಿಟ್ಟೆ!” ಹೆಂಗಸರು ಸುತ್ತುಗಟ್ಟಿ ಅವಳನ್ನು ಹೊರಗೆ ನಡೆಸಿಕೊಂಡು ಹೋದರು. ಅವಳು ತಿರುಗಿ ನೋಡಲಿಲ್ಲ.

ಮೆಲಿತೋನ್ ಏನೋ ಹೇಳಲೆಂದು ಮತ್ತೊಮ್ಮೆ ಬಾಯಿ ತೆರೆದ. ಎದುರಿಗಿದ್ದವರೆಲ್ಲ ಅವನ ನಾಲಿಗೆಯನ್ನೇ ನೋಡುತ್ತಿದ್ದರು. ಅವನು ಬಾಯಿ ಮುಚ್ಚಿಕೊಂಡ.