ಟರ್ಕಿ ಕೋವಿಗೆ ಹದಿನಾಲ್ಕು ಕಾಲಂ

"ಒಂದು ಕೆಲಸ ಕೈಗೆತ್ತಿಕೊಂಡ ಮೇಲೆ ಅದರ ತಳ ಕಾಣೋವರೆಗೂ ಬಿಡೋ ಆಸಾಮಿಯಲ್ಲ ಈ ಪ್ರಹ್ಲಾದ!"

ಹೀಗೆಂದು ಪ್ರಹ್ಲಾದ ಘೋಷಿಸಿದ್ದು ೨೦೨೦ರ ಅಕ್ಟೋಬರ್ ತಿಂಗಳ ಒಂದು ಬೆಳಗ್ಗೆ, ಐರ್ಲೆಂಡಿನ ಅತ್ಲೋನ್ ಊರಾಚೆಯ ಬಾಡಿಗೆ ಮನೆಯ ಅಡುಗೆಮನೆಯಲ್ಲಿ, ಕಾಫಿ ಲೋಟವನ್ನು ಎತ್ತರಕ್ಕೆ ಹಿಡಿದು. ಕೇಳಿಸಿಕೊಳ್ಳಲು ಇದ್ದವಳು ಹೆಂಡತಿ ವಂದನಾ ಒಬ್ಬಳೇ. ಅವಳೂ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊಟದ ಮೇಜಿನ ಮೇಲೆ ಆಫೀಸು ಹರವಿಕೊಂಡಿದ್ದಳು.

"ಯಾವ ಕೆಲಸ?"

"ಟರ್ಕಿ ಕೋಳಿ ಬೇಟೆಗೆ ಯಾವ ಕೋವಿ ಬೆಸ್ಟು ಅಂತ ಆರಿಸೋದು."

ವಂದನಾ ಮೀಟಿಂಗನ್ನು ಮ್ಯೂಟ್ ಮಾಡಿದಳು. "ನೀವಾ? ಕೇಕಲ್ಲಿ ಮೊಟ್ಟೆ ಇತ್ತು ಅಂತ ಗೊತ್ತಾದ್ರೆ ಬಾಯಿ ಮುಕ್ಕಳಿಸಿಕೊಂಡು ಬರೋರು, ನೀವು ಕೋವಿ ಆರಿಸ್ತೀರಾ?"

"ನಮ್ಮ ತಾತ ಅರಮನೆಯವರ ಜೊತೆ ಬೇಟೆಗೆ ಹೋಗ್ತಿದ್ರು. ರಕ್ತದಲ್ಲೇ ಇದೆ ಕಣೇ!"

"ನಿಮ್ಮ ತಾತ ಅರಮನೆ ಕಚೇರೀಲಿ ಗುಮಾಸ್ತರಾಗಿದ್ರು. ಜೀವಮಾನದಲ್ಲಿ ಅವರು ಹೊಡೆದಿದ್ದು ಅಂದ್ರೆ ರಬ್ಬರ್ ಸ್ಟ್ಯಾಂಪು."

ಪ್ರಹ್ಲಾದ ಇಂಥ ಕ್ಷುಲ್ಲಕ ಮಾತಿಗೆಲ್ಲ ಉತ್ತರ ಕೊಡುವವನಲ್ಲ. ಅವನ ತಲೆಯಲ್ಲಿ ಇದ್ದದ್ದು ಮನೆಯ ಚಿಂತೆ. ನವೆಂಬರ್ ಕೊನೆಗೆ ಲೀಸು ಮುಗಿಯುತ್ತಿತ್ತು. ವಂದನಾಳಿಗೇ ಮೊದಲು ಇಲ್ಲಿ ಕೆಲಸ ಸಿಕ್ಕಿದ್ದರಿಂದ ಲೀಸು ಅವಳ ಹೆಸರಿನಲ್ಲಿತ್ತು, ಚಿಂತೆ ಮಾತ್ರ ಗಂಡನ ಹೆಸರಿನಲ್ಲಿ. ಡಬ್ಲಿನ್ ಬಿಟ್ಟು ಬರುವವರೆಲ್ಲ ಸಣ್ಣ ಊರುಗಳಲ್ಲಿ ಮನೆ ಹುಡುಕುತ್ತಿದ್ದ ಕಾಲ. ಓನರ್ ನೋಯೆಲ್ ಅವರ ತಂಗಿಯ ಮಗಳೂ ಈ ಮನೆ ಕೇಳುತ್ತಿದ್ದಾಳೆ ಎಂಬ ಗಾಳಿಸುದ್ದಿ ಬೇರೆ. ಈ ಮನೆ ಹೋದರೆ ಇನ್ನೊಂದು ಸಿಗುವ ಭರವಸೆ ಎಳ್ಳಷ್ಟೂ ಇರಲಿಲ್ಲ.

ಅಂಥ ಹೊತ್ತಿನಲ್ಲಿ, ಹಿಂದಿನ ಸಂಜೆಯಷ್ಟೇ, ಪಕ್ಕದ ಮನೆಯಲ್ಲೇ ಇದ್ದ, ಎಪ್ಪತ್ತು ದಾಟಿದ ನೋಯೆಲ್ ಕಲ್ಲಿನ ಗೋಡೆಯಾಚೆ ನಿಂತು ಕೇಳಿದ್ದರು: "ವಿಮಾನ ಮತ್ತೆ ಶುರುವಾದರೆ ಅಮೆರಿಕದಲ್ಲಿರೋ ಅಣ್ಣನ ಹತ್ತಿರ ಹೋಗಿ ಟರ್ಕಿ ಬೇಟೆ ಆಡಬೇಕು ಅಂತಿದೀನಿ. ಅದಕ್ಕೆ ಯಾವ ಥರದ ಶಾಟ್‌ಗನ್ ಒಳ್ಳೇದೋ ಏನೋ! ನಿನಗೇನಾದರೂ ಗೊತ್ತಾ?"

ಮೈಸೂರಿನ ಬಾಡಿಗೆ ಮನೆಗಳಲ್ಲಿ ಬೆಳೆದ ಹುಡುಗ. ಓನರ್ ಏನಾದರೂ ಕೇಳಿದರೆ 'ಗೊತ್ತಿಲ್ಲ' ಅನ್ನಬಾರದು ಎಂಬುದು ಅವನಿಗೆ ಮಗ್ಗಿಗಿಂತ ಮುಂಚೆ ಕಲಿಸಿದ ಪಾಠ. "ನನಗೆ ಬಿಡಿ ಅಂಕಲ್!" ಎಂದುಬಿಟ್ಟ. ಕೋವಿ ಸರಿಹೋದರೆ ಲೀಸೂ ಸರಿಹೋಗುತ್ತದೆ ಎಂಬುದು ಅವನ ಲೆಕ್ಕಾಚಾರ.

ಅಂದಿನಿಂದ ಮಹಾಯಜ್ಞ ಆರಂಭವಾಯಿತು! ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡ. ಆಫೀಸಿನ ಕೆಲಸ ಮುಗಿದದ್ದೇ ತಡ, ಎಕ್ಸೆಲ್ ತೆರೆಯುತ್ತಿದ್ದ. ಹದಿನಾಲ್ಕು ಕಾಲಂ, ಅರವತ್ತೆರಡು ಕೋವಿ. ತೂಕಕ್ಕೊಂದು ಕಾಲಂ, ನಳಿಗೆಯ ಉದ್ದಕ್ಕೊಂದು, ಹೊಡೆದಾಗ ಭುಜಕ್ಕೆ ಬೀಳುವ ಒದೆತಕ್ಕೊಂದು. ನೋಯೆಲ್ ಅವರ ಬಲಭುಜ ನೋಯುತ್ತದೆಂದು ಅದಕ್ಕೂ ಒಂದು. ನಳಿಗೆಯ ದಪ್ಪಕ್ಕೆ ಗೇಜ್ ಎಂಬ ಅಳತೆ ಇದೆ ಎಂದು ತಿಳಿಯಿತು. ಹನ್ನೆರಡಕ್ಕಿಂತ ಇಪ್ಪತ್ತು ದೊಡ್ಡದು ತಾನೇ ಎಂದುಕೊಂಡು ಇಪ್ಪತ್ತು ಗೇಜಿಗೆ ಧಾರಾಳವಾಗಿ ಅಂಕ ಹಾಕಿದ. ಸಂಖ್ಯೆ ಏರಿದಷ್ಟೂ ನಳಿಗೆ ಸಣ್ಣದಾಗುತ್ತದೆ ಎಂಬ ಸತ್ಯ ಗೊತ್ತಾಗಿದ್ದು ಐದನೇ ದಿನ. ಅರವತ್ತೆರಡು ಸಾಲನ್ನೂ ಅಳಿಸಿ ಮತ್ತೆ ಬರೆದ.

ದಿನಾ ಬೆಳಗ್ಗೆ ಹತ್ತಕ್ಕೆ ಗೋಡೆಯ ಬಳಿ ನೋಯೆಲ್‌ಗೆ ವರದಿ ಒಪ್ಪಿಸುತ್ತಿದ್ದ.

"ಅಂಕಲ್, ನಿನ್ನೆ ಚೋಕ್ ಮುಗಿಸಿದೆ. ನಳಿಗೆಯ ತುದಿ ಬಿಗಿಯಾಗಿರಬೇಕು. ಇಲ್ಲದಿದ್ದರೆ ಕಾಳುಗುಂಡು ಚೆದುರಿ ಟರ್ಕಿಗೆ ಬರೀ ಸ್ನಾನ ಮಾಡಿಸಿದ ಹಾಗಾಗುತ್ತೆ."

"ಗ್ರ್ಯಾಂಡ್," ಎನ್ನುತ್ತಿದ್ದರು ನೋಯೆಲ್. ಇಲ್ಲಿಯವರ ಬಾಯಲ್ಲಿ ಅದಕ್ಕೆ 'ಸರಿ ಬಿಡು' ಅಂತಷ್ಟೇ ಅರ್ಥ.

"ಇವತ್ತು ಕೈಯಿಂದ ಹಿಂದಕ್ಕೆಳೆದು ಗುಂಡು ಏರಿಸೋ ಪಂಪ್ ಆಕ್ಷನ್ನೋ, ಜೋಡಿ ನಳಿಗೆಯೋ ಅನ್ನೋದು ತೀರ್ಮಾನ ಆಗುತ್ತೆ."

"ಗ್ರ್ಯಾಂಡ್, ಗ್ರ್ಯಾಂಡ್."

ಎರಡನೇ ವಾರದ ಹೊತ್ತಿಗೆ ನೋಯೆಲ್ ಹತ್ತಕ್ಕೆ ಗೋಡೆಯ ಬಳಿ ಬರುವುದನ್ನು ಬಿಟ್ಟರು. ಪ್ರಹ್ಲಾದ ಕಾಗದದಲ್ಲಿ ಬರೆದು ಅವರ ಬಾಗಿಲ ಸಂದಿಯಲ್ಲಿ ತೂರಿಸತೊಡಗಿದ.

ಮೂರನೇ ವಾರ ಎಲ್ಲಾ ಕೋವಿಗಳೂ ಬಿದ್ದುಹೋಗಿ ಕಣದಲ್ಲಿ ಎರಡೇ ಉಳಿದವು. ಎರಡೂ ಇಪ್ಪತ್ತು ಗೇಜಿನವು. ಒಂದರ ನಳಿಗೆ ಇಪ್ಪತ್ತನಾಲ್ಕು ಇಂಚು, ಇನ್ನೊಂದರದು ಇಪ್ಪತ್ತೆಂಟು. ಬೇಟೆಗಾರ ಪೊದೆಯಲ್ಲಿ ಅಡಗಿ ಕೂರುತ್ತಾನಲ್ಲ, ಉದ್ದ ನಳಿಗೆ ಕೊಂಬೆಗೆ ಸಿಕ್ಕಿಕೊಳ್ಳುತ್ತದೋ ಇಲ್ಲವೋ? ಅದನ್ನು ಯಾವ ವೆಬ್‌ಸೈಟೂ ಅಳತೆ ಸಮೇತ ಹೇಳಲಿಲ್ಲ. ಸರಿ, ಪ್ರಯೋಗ ಮಾಡಿಯೇ ಬಿಡೋಣ ಎಂದುಕೊಂಡ ಪ್ರಹ್ಲಾದ, ವ್ಯಾಕ್ಯೂಮ್ ಕ್ಲೀನರಿನ ಪೈಪನ್ನು ಕಳಚಿ ಇಪ್ಪತ್ತೆಂಟು ಇಂಚಿಗೆ ಹೊಂದಿಸಿದ. ತೂಕ ಸರಿಹೋಗಲಿ ಎಂದು ತೊಗರಿಬೇಳೆ ಪ್ಯಾಕೆಟ್ ಕಟ್ಟಿದ. ವಂದನಾಳ ಹಸಿರು ಶಾಲನ್ನು ತಲೆತುಂಬ ಹೊದ್ದುಕೊಂಡ. ಹೊರಟ ಶೂರ, ಮನೆ ಮುಂದಿನ ರಸ್ತೆ ಪಕ್ಕದ ಪೊದೆಬೇಲಿಯೊಳಗೆ ಮಂಡಿಯೂರಿ ಕೂತೇಬಿಟ್ಟ!

ಆ ಲಾಕ್‌ಡೌನ್ ದಿನಗಳಲ್ಲಿ ಮನೆಯಿಂದ ಐದು ಕಿಲೋಮೀಟರ್ ದಾಟಿ ಹೋಗುವಂತಿರಲಿಲ್ಲ. ಹಾಗಾಗಿ ಇಡೀ ಊರೇ ಆ ಐದು ಕಿಲೋಮೀಟರಿನೊಳಗೆ ವಾಕಿಂಗ್ ಹೋಗುತ್ತಿತ್ತು. ಬೇಲಿಯಿಂದ ಹೊರಚಾಚಿದ ನಳಿಗೆಯನ್ನು ಕಂಡವರು ಯಾರೋ ಸುಮ್ಮನೆ ನಡೆದು ಹೋದರು, ಮುಂದಿನ ತಿರುವಿನಲ್ಲಿ ಫೋನ್ ತೆಗೆದರು.

ಹದಿನೈದೇ ನಿಮಿಷದಲ್ಲಿ ಬೇಲಿಯ ಮುಂದೆ ಪೊಲೀಸ್ ಕಾರು ನಿಂತಿತು. ಇಲ್ಲಿ ಪೊಲೀಸರನ್ನು ಗಾರ್ಡಾ ಅನ್ನುತ್ತಾರೆ. ಇಳಿದದ್ದು ಮಾಸ್ಕ್ ಹಾಕಿದ ಒಬ್ಬ ಹೆಂಗಸು.

"ಸರ್, ಕೈಯಲ್ಲಿರೋದನ್ನ ನಿಧಾನವಾಗಿ ಕೆಳಗಿಡಿ."

ಪ್ರಹ್ಲಾದ ಕೆಳಗಿಟ್ಟ. ಪ್ಯಾಕೆಟ್ ಒಡೆದು ತೊಗರಿಬೇಳೆ ರಸ್ತೆಗೆಲ್ಲ ಚೆಲ್ಲಿತು.

"ಮೇಡಂ, ಇದು ವ್ಯಾಕ್ಯೂಮ್ ಕ್ಲೀನರು! ಕೋವಿ ಇನ್ನೂ ಕೊಂಡಿಲ್ಲ! ಆರಿಸ್ತಾ ಇದೀನಿ!"

ಇದಕ್ಕಿಂತ ಕೆಟ್ಟ ಉತ್ತರವನ್ನು ಯೋಚಿಸಿ ಕೊಡುವುದೂ ಕಷ್ಟ. ಗಾರ್ಡಾ ನೋಟ್‌ಬುಕ್ ತೆಗೆದಳು. "ಯಾರನ್ನ ಹೊಡೆಯೋಕೆ?"

"ಟರ್ಕಿನ!"

"ಐರ್ಲೆಂಡಲ್ಲಿ ಕಾಡು ಟರ್ಕಿ ಇಲ್ಲ ಸರ್."

ಅಷ್ಟರಲ್ಲಿ ನೋಯೆಲ್ ತಮ್ಮ ಗೇಟಿನ ಬಳಿ ಬಂದು ನಿಂತಿದ್ದರು. ಅವರನ್ನು ಕಂಡದ್ದೇ ಪ್ರಹ್ಲಾದ ಶಾಲನ್ನು ಹಣೆಯವರೆಗೆ ಎಳೆದುಕೊಂಡ. ಬಾಡಿಗೆ ಮನೆಯ ಮುಂದೆ ಪೊಲೀಸ್ ಜೀಪು ನಿಂತರೆ ಸಂಜೆಯೊಳಗೆ ಪಾತ್ರೆ-ಪಗಡ ಬೀದಿಗೆ ಬರುತ್ತದೆ. ಇದೂ ಅವನು ಮೈಸೂರಿನಲ್ಲಿ ಕಲಿತದ್ದೇ. ಹೋಯಿತು ಮನೆ! ತಂಗಿಯ ಮಗಳ ಪಾಲಾಯಿತು! ಅವನಿಗೆ ನಿಜಕ್ಕೂ ಅಳು ಬಂತು.

"ಅಂಕಲ್, ನೀವೇ ಹೇಳಿ! ನಿಮ್ಮ ಅಮೆರಿಕದ ಅಣ್ಣ, ಟರ್ಕಿ ಬೇಟೆ, ಎಲ್ಲಾ ಹೇಳಿ ಇವರಿಗೆ!"

ನೋಯೆಲ್ ತಮ್ಮ ಬೂಟುಗಳನ್ನೇ ನೋಡಿಕೊಂಡು ನಿಂತರು. "ನನಗೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಇರೋದು ಒಬ್ಬಳೇ ತಂಗಿ. ಅವಳು ಗಾಲ್ವೇಯಲ್ಲಿದ್ದಾಳೆ."

"ಮತ್ತೆ ಕೋವಿ?"

"ನೀನು ನಾಲ್ಕು ದಿನ ಹುಡುಕಿ ಗೊತ್ತಾಗಲಿಲ್ಲ ಅಂದುಬಿಡ್ತೀಯ ಅಂದುಕೊಂಡಿದ್ದೆ, ಕಣಪ್ಪಾ." ಹಾಗೆಂದು ನೋಯೆಲ್ ಕಣ್ಣೆತ್ತಿ ಪ್ರಹ್ಲಾದನ ಮನೆ ಬಾಗಿಲ ಕಡೆ ನೋಡಿದರು. ಗಾರ್ಡಾಳೂ ನೋಡಿದಳು. ಪ್ರಹ್ಲಾದನೂ ತಿರುಗಿದ. ಬಾಗಿಲಲ್ಲಿ ವಂದನಾ ನಿಂತಿದ್ದಳು.

ಎಲ್ಲರಿಗೂ ತಿಳಿಯಲಿ ಎಂದು ಅವಳು ಇಂಗ್ಲಿಷಿನಲ್ಲೇ ಹೇಳಿದಳು. "ಮಾರ್ಚಿಂದ ಮನೇಲಿದಾರೆ ಮೇಡಂ. ಏಳು ತಿಂಗಳು! ಕುಕ್ಕರ್ ಎಷ್ಟು ಸಲ ಕೂಗ್ತು ಅಂತ ಗಟ್ಟಿಯಾಗಿ ಎಣಿಸ್ತಾರೆ. ಸಾಸಿವೆ ಡಬ್ಬಿ, ಜೀರಿಗೆ ಡಬ್ಬಿ ಎಲ್ಲಾ ಅಕಾರಾದಿಯಾಗಿ ಜೋಡಿಸಿದ್ರು. ನನ್ನ ಮೀಟಿಂಗ್ ಮಧ್ಯೆ ಬಂದು, ಬೀನ್ಸ್ ಓರೆಯಾಗಿ ಹೆಚ್ಚಬೇಕು ಅಂತಾರೆ! ನಾನೇ ಅಂಕಲ್‌ಗೆ ಕೈ ಮುಗಿದೆ. ಇವರಿಗೆ ಏನಾದ್ರೂ ಕೇಳಿ, ಬೇಗ ಉತ್ತರ ಸಿಗದಂಥದ್ದು ಕೇಳಿ ಅಂತ. ಆಮೇಲೆ ಮೂರು ವಾರ ಕೋಣೆ ಬಿಟ್ಟು ಬರಲಿಲ್ಲ!"

"ನನ್ನ ಬಾಯಿಗೆ ಟರ್ಕಿ ಬಂತು," ಎಂದರು ನೋಯೆಲ್ ತಪ್ಪಿತಸ್ಥರ ಹಾಗೆ.

ಪ್ರಹ್ಲಾದ ಕೇಳಿದ್ದು ಒಂದೇ ಪ್ರಶ್ನೆ. "ಹಾಗಾದ್ರೆ ಮನೆ?"

"ಅದು ಯಾವಾಗಲೋ ಆಯ್ತಲ್ಲ ರೀ! ಸೆಪ್ಟೆಂಬರಲ್ಲೇ ಎರಡು ವರ್ಷಕ್ಕೆ ಸೈನ್ ಹಾಕಿ ಕೊಟ್ರು."

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಕೋಣೆಯಿಂದ ಆಚೆ ಬಂದುಬಿಡ್ತಿದ್ರಿ."

ಪ್ರಹ್ಲಾದ ಶಾಲನ್ನು ತಲೆಯಿಂದ ತೆಗೆದು ಮಡಚತೊಡಗಿದ. ಮನೆ ಉಳಿದ ಸಂತೋಷಕ್ಕೆ ನಗಬೇಕೋ, ಮೂರು ವಾರದ ಹದಿನಾಲ್ಕು ಕಾಲಂ ನೀರುಪಾಲಾದದ್ದಕ್ಕೆ ಅಳಬೇಕೋ ಅವನಿಗೆ ತಿಳಿಯಲಿಲ್ಲ. ಕೊನೆಗೆ ಗಾರ್ಡಾ ಕಡೆ ತಿರುಗಿ, ತನ್ನ ಶ್ರಮಕ್ಕೆ ಒಬ್ಬರಾದರೂ ಬೆಲೆ ಕೊಡಲಿ ಎಂಬ ಆಸೆಯಿಂದ, "ಮೇಡಂ, ಇಪ್ಪತ್ತು ಗೇಜ್ ಪಂಪ್ ಆಕ್ಷನ್, ಅದರಲ್ಲೂ ನಳಿಗೆ..." ಎಂದು ಶುರು ಮಾಡಿದ.

ಗಾರ್ಡಾ ಕೈಯೆತ್ತಿ ತಡೆದಳು. ನೋಟ್‌ಬುಕ್ ಮಡಚಿ ಜೇಬಿಗಿಟ್ಟಳು. ಅವನನ್ನು ದಾಟಿಕೊಂಡು ಗೇಟಿನವರೆಗೆ ಹೋಗಿ, ಎರಡು ಮೀಟರ್ ದೂರದಿಂದಲೇ ವಂದನಾಳನ್ನು ಕೇಳಿದಳು:

"ಮೂರು ವಾರ ಕೋಣೆ ಬಿಟ್ಟು ಬರಲಿಲ್ಲ ಅಂದ್ರಾ? ನನ್ನ ಗಂಡನೂ ಮಾರ್ಚಿಂದ ಮನೇಲೇ ಇದಾರೆ. ಈ ಪ್ರಶ್ನೆ ನಾನು ತಗೊಂಡು ಹೋಗ್ಲಾ? ಉತ್ತರ ಮಾತ್ರ ಯಾರೂ ಹೇಳಬೇಡಿ!"