ಎತ್ತು ಒಂದು, ಪುಟ ಎರಡು

ಭಾನುವಾರ ಬೆಳಿಗ್ಗೆ ಯಶೋದಮ್ಮ ಮಗನ ತಲೆಗೆ ಅರ್ಧ ಬಟ್ಟಲು ಕೊಬ್ಬರಿ ಎಣ್ಣೆ ಸುರಿದು ಪಟಪಟ ತಟ್ಟುತ್ತಿದ್ದಾಗ ಚಲುವರಾಜುವಿನ ಕೈಯಲ್ಲಿದ್ದ ಮೊಬೈಲು ಟಿಣ್ ಎಂದಿತು. ಅವನ ಗ್ರಹಚಾರ ಶುರುವಾದದ್ದು ಅಲ್ಲಿಂದ.

‘ಓಟದೆತ್ತು ವಿಕಿ’ಯಲ್ಲಿ ‘ಮೂಗುದಾರ’ ಅನ್ನುವ ಹೆಸರಿಟ್ಟುಕೊಂಡ ಯಾರೋ ಒಬ್ಬರು ಬರೆದಿದ್ದರು: ‘ಕೊತ್ತತ್ತಿಯ ರಾಕೆಟ್ ಮತ್ತು ಬೆಸಗರಹಳ್ಳಿಯ ಭೂಪತಿ ಬೇರೆ ಬೇರೆ ಅಲ್ಲ. ಮಾರಿದ ಮೇಲೆ ಹೆಸರು ಬದಲಾಗಿದೆ, ಅಷ್ಟೆ. ಎತ್ತು ಒಂದು, ಪುಟ ಎರಡು ಯಾಕೆ? ಸೇರಿಸಿ.’

ಚಲುವರಾಜು ಪರಪರ ತಲೆ ಕೆರೆದುಕೊಂಡ.

“ಲೇ, ಕೈ ತಗಿ!” ಯಶೋದಮ್ಮ ಆ ಕೈಗೆ ಒಂದು ಬಿಟ್ಟಳು. “ಈಗ್ ತಾನೆ ಕೂರ್ಸಿದ್ದೀನಿ, ಮತ್ತೆ ಎಬ್ಬುಸ್ತೀಯಾ?”

ಕೂರಿಸಬೇಕಾದದ್ದು ನೆತ್ತಿಯ ಹಿಂದಿನ ಕೂದಲನ್ನು. ಹುಟ್ಟಿದಾಗಿನಿಂದ ಅಲ್ಲೊಂದು ಜೊಂಪೆ ಹುಂಜದ ಜುಟ್ಟಿನಂತೆ ಎದ್ದು ನಿಲ್ಲುತ್ತಿತ್ತು. ಮೂವತ್ತೆರಡು ವರ್ಷದಿಂದ ತಾಯಿಗೂ ಆ ಜುಟ್ಟಿಗೂ ಯುದ್ಧ ನಡೆದೇ ಇತ್ತು.

ಚಲುವರಾಜು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ಬೀಜದ ಗೋದಾಮಿನಲ್ಲಿ ಭತ್ತದ ಚೀಲಗಳಿಗೆ ಚೀಟಿ ಬರೆಯುವವನು. ಅದು ಹೊಟ್ಟೆಪಾಡು. ಪ್ರಾಣ ಇದ್ದದ್ದು ಎತ್ತಿನಗಾಡಿ ಓಟದಲ್ಲಿ. ಮೂರು ವರ್ಷದ ಹಿಂದೆ ಓಟದ ಎತ್ತುಗಳಿಗೇ ಒಂದು ವಿಕಿ ತೆರೆದು, ‘ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು’ ಎಂದು ಮೊದಲ ಪುಟದಲ್ಲೇ ಸಾರಿದ್ದ. ಮಂಡ್ಯ ಸೀಮೆಯ ಜನಕ್ಕೆ ಇಂಥ ಮಾತು ಹೇಳಬಾರದು. ಬರೆದರು ಸ್ವಾಮಿ, ಬರೆದರು! ಒಬ್ಬ ಎತ್ತಿನ ಹೆಸರಲ್ಲಿ ಪುಟ ತೆರೆದರೆ, ಇನ್ನೊಬ್ಬ ಅದೇ ಎತ್ತಿಗೆ ತನ್ನ ಊರಿನ ಹೆಸರಲ್ಲಿ, ಮಗದೊಬ್ಬ ತಮ್ಮಪ್ಪನ ಹೆಸರಲ್ಲಿ ತೆರೆದ. ಓಟದ ದಿನ ಚೆನ್ನಾಗಿ ಸಿಳ್ಳೆ ಹಾಕುವವನಿಗೂ ಒಂದು ಪುಟವಾಯಿತು. ಅದನ್ನು ಅಳಿಸಿದ್ದಕ್ಕೆ ಸಿಳ್ಳೆಯವನ ಬಳಗವೆಲ್ಲ ಜಗಳಕ್ಕೆ ಬಂದಿತ್ತು. ಅಂದಿನಿಂದ, ಮತ ಹಾಕದೆ ಯಾವ ಪುಟವನ್ನೂ ಅಳಿಸುವಂತಿಲ್ಲ ಎಂದು ಚಲುವರಾಜುವೇ ಕಾನೂನು ಮಾಡಿದ್ದ.

ಈಗ ಮುನ್ನೂರು ಪುಟಗಳನ್ನು ಹೇಗೆ ಜೋಡಿಸುವುದು ಅನ್ನುವುದಕ್ಕೆ ಮತದಾನ ನಡೆದಿತ್ತು. ಎತ್ತಿಗೊಂದೇ ಪುಟ ಇರಲಿ ಎನ್ನುವವರು ಇಪ್ಪತ್ತೊಂದು ಜನ, ಮಾಲೀಕನಿಗೊಂದು ಪುಟ ಇರಲಿ ಎನ್ನುವವರು ಇಪ್ಪತ್ತೊಂದು ಜನ. ಸಂಜೆ ಆರಕ್ಕೆ ಮುಗಿಯಬೇಕು, ಕೊನೆಯ ಮಾತು ಚಲುವರಾಜುವಿನದು.

ಬೇರೆ ದಿನವಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದ. ಆದರೆ ಇವತ್ತು ಅವನು ಹೆಣ್ಣು ನೋಡಲು ಹೊರಟಿದ್ದ. ಹೆಣ್ಣು ಬೆಸಗರಹಳ್ಳಿಯ ಚಂದನ, ಮದ್ದೂರಿನ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುವವಳು. ಎತ್ತಿನ ಪಕ್ಕ ನಿಂತು ನಗುತ್ತಿದ್ದ ಅವಳ ಫೋಟೋವನ್ನು ಅವನು ಮೂರು ವಾರದಿಂದ ದಿನಕ್ಕೆ ನಲವತ್ತು ಸಲ ನೋಡಿದ್ದ. ಆ ಎತ್ತೇ ಭೂಪತಿ. ಅದರ ಮಾಲೀಕ ಕೆಂಪಯ್ಯ, ಹುಡುಗಿಯ ಅಪ್ಪ. ಭೂಪತಿ ತನ್ನ ಕೊಟ್ಟಿಗೆಯಲ್ಲೇ ಹುಟ್ಟಿದ ಕರು ಎಂದು ಸುತ್ತ ಹತ್ತೂರಿಗೆ ಹೇಳಿಕೊಂಡು ತಿರುಗುವ ಆಸಾಮಿ.

ರಾಕೆಟ್ಟಿನ ಮಾಲೀಕನಾಗಿದ್ದವನೋ, ಚಲುವರಾಜುವಿನ ಸ್ವಂತ ಸೋದರಮಾವ, ಕೊತ್ತತ್ತಿಯ ಶಿವರಾಜು. ತಂದೆಯಿಲ್ಲದ ಹುಡುಗನಿಗೆ ಹಿರಿಯನಾಗಿ ನಿಂತು ಮಾತಾಡಬೇಕಾದವನೂ ಅವನೇ. ಎರಡು ವರ್ಷದ ಹಿಂದೆ ದಲ್ಲಾಳಿಯ ಮಾತು ಕೇಳಿ ಎತ್ತು ಮಾರಿ, ಅದು ಎಲ್ಲಿಗೆ ಹೋಯಿತೆಂದು ತಿಳಿಯದೆ ಇವತ್ತಿಗೂ ಕೊರಗುತ್ತಿದ್ದ.

ಹತ್ತು ನಿಮಿಷಕ್ಕೆ ಮಾವನ ಫೋನು ಬಂತು.

“ಏನ್ಲಾ ಚಲುವ, ನೋಡ್ದಾ? ನನ್ ರಾಕೆಟ್ಟು ಆ ಕೆಂಪಯ್ಯನ್ ಕೊಟ್ಟಿಗೇಲಿ ಅದಂತೆ!”

“ಮಾವ, ಯಾರೋ ಏನೋ ಬರ್ದವ್ರೆ...”

“ಯಾರಾನ ಬರ್ಕೊಳ್ಳಿ. ಸಂಜೆ ಒಳಗೆ ಎಲ್ಡೂ ಪುಟ ಸೇರ್ಸು. ಮೇಲ್ಗಡೆ ನನ್ ಹೆಸ್ರು ಇರ್ಬೇಕು. ಇಲ್ದಿದ್ರೆ ಮದ್ವೆಗೆ ಬೇರೆ ಮಾವನ್ನ ಹುಡಿಕ್ಕೊ.”

ಅದನ್ನು ಇಟ್ಟನೋ ಇಲ್ಲವೋ, ಕೆಂಪಯ್ಯನ ಫೋನು.

“ನಮಸ್ಕಾರ ಅಳಿಯಂದ್ರೆ! ಇನ್ನೂ ಆಗಿಲ್ಲ, ಆದ್ರೂ ಬಾಯಿಗ್ ಬಂದ್ಬುಡ್ತು ನೋಡಿ. ಯಾವನೋ ತಲೆಕೆಟ್ಟೋನು ನಮ್ ಭೂಪತಿ ಪುಟದಾಗೆ ಕೈ ಆಡ್ಸವ್ನೆ. ನೀವೇ ಯಜಮಾನ್ರಂತಲ್ಲ ಅದ್ಕೆ? ಪುಟ ಹೆಂಗದೋ ಅಂಗೇ ಇರ್ಲಿ. ನಮ್ಮುಡ್ಗೀಗೂ ನಿಮ್ ಫೋಟೋ ಇಷ್ಟ ಆಗದೆ.”

ಕೊನೆಯ ಮಾತು ಕೇಳಿ ಚಲುವರಾಜುವಿನ ಎದೆ ಹಿಗ್ಗಿತು, ಮೊದಲಿನ ಮಾತು ನೆನೆದು ಕುಗ್ಗಿತು. ಕೈ ತಾನಾಗಿ ತಲೆಗೆ ಹೋಯಿತು.

“ಅಯ್ಯೋ ನಿನ್ ಕೈ ಸೇದೋಗ!” ಎಂದು ಯಶೋದಮ್ಮ ಬಾಚಣಿಗೆ ಹಿಡಿದು ಓಡಿ ಬಂದಳು. “ಇನ್ನೊಂದ್ ಮಾತು. ಅಲ್ಲಿ ಯಾರ್ ಕಾಲ್ಗೂ ಬೀಳಕ್ಕೋಗ್ಬೇಡ. ದೂರದಿಂದ್ಲೇ ಕೈ ಮುಗಿ. ಇನ್‌ಶರ್ಟು ಕಿತ್ಕೊಂಡು ಈಚೆಗ್ ಬತ್ತದೆ.”

ಮಧ್ಯಾಹ್ನ ಮೂರಕ್ಕೆ ಮಂಡ್ಯ ಬಸ್‌ಸ್ಟ್ಯಾಂಡಿನಲ್ಲಿ ಶಿವರಾಜು ಜೊತೆಯಾದ. ಮದ್ದೂರಿನ ಬಸ್ಸು ಹತ್ತಿದ್ದೇ ತಡ, ವಿಷಯ ಬಸ್ಸಿಗೆಲ್ಲ ಹರಡಿತು. ಟಿಕೆಟ್ ಕೊಡಲು ಬಂದ ಕಂಡಕ್ಟರು ಮೊಬೈಲಿಗೆ ಕತ್ತು ಚಾಚಿ, “ಓ, ನೀವೇನಾ ಆ ವಿಕಿಯೋರು? ಮಾಲೀಕನ್ ಹೆಸ್ರಲ್ಲೇ ಮಡ್ಗಿ ಸಾರ್, ಮೇವು ಹಾಕೋನು ಅವ್ನಲ್ವಾ?” ಎಂದ. ನುಗ್ಗೆಕಾಯಿ ಕಂತೆ ತೊಡೆಯ ಮೇಲಿಟ್ಟುಕೊಂಡಿದ್ದ ಹೆಂಗಸೊಬ್ಬಳು, “ಓಡೋದು ಎತ್ತು ಕಣಪ್ಪ, ಮಾಲೀಕ್ನೇನು ನಾಕು ಕಾಲಲ್ಲಿ ಓಡ್ತಾನಾ?” ಎಂದು ತಿರುಗಿಬಿದ್ದಳು. ಅರ್ಧ ಬಸ್ಸು ಅವಳ ಕಡೆ, ಅರ್ಧ ಬಸ್ಸು ಕಂಡಕ್ಟರ್ ಕಡೆ ಆಯಿತು. ಈ ಗಲಾಟೆಯಲ್ಲಿ ಗೆಜ್ಜಲಗೆರೆ ಸ್ಟಾಪಿನಲ್ಲಿ ಇಳಿಯಬೇಕಾದ ಇಬ್ಬರು ಇಳಿಯುವುದನ್ನೇ ಮರೆತು, ಚಲುವರಾಜುವಿಗೆ ಸರಿಯಾಗಿ ಬೈದರು. ಮದ್ದೂರಿನಲ್ಲಿ ಇಳಿದು ಬೆಸಗರಹಳ್ಳಿ ಬಸ್ಸು ಹಿಡಿಯುವ ಹೊತ್ತಿಗೆ ಯಶೋದಮ್ಮ ಎರಡು ಸಲ ಅವನ ತಲೆ ಬಾಚಿದ್ದಳು.

ಕೆಂಪಯ್ಯನ ಮನೆಯಲ್ಲಿ ಮರ್ಯಾದೆಗೇನೂ ಕೊರತೆ ಇರಲಿಲ್ಲ. ಜಮಖಾನ, ಕಾಲಿಗೆ ನೀರು, ತಟ್ಟೆ ತುಂಬ ಕೋಡುಬಳೆ. ಪಡಸಾಲೆಯ ಮೂಲೆಯಲ್ಲಿ ಕೆಂಪಯ್ಯನ ತಾಯಿ ಹೊಂಬಾಳಮ್ಮ ಎಲೆಅಡಿಕೆ ಕುಟ್ಟುತ್ತ ಕೂತಿತ್ತು. ವಯಸ್ಸು ಎಂಬತ್ತೈದಾದರೂ ಕಣ್ಣು ಮಾತ್ರ ಹದ್ದಿನದು.

“ಕೈಕಾಲು ತೊಳ್ಕೊಂಡ್ ಬತ್ತೀನಿ” ಎಂದು ಹೋದ ಶಿವರಾಜು ನೆಟ್ಟಗೆ ಕೊಟ್ಟಿಗೆಗೆ ನುಗ್ಗಿದ. “ರಾಕೆಟ್ಟೂ...” ಎಂದು ಕೂಗಿದ. ಬೆಳ್ಳಗೆ ಬೆಟ್ಟದಂತೆ ನಿಂತಿದ್ದ ಎತ್ತು ಮೇವು ಬಿಟ್ಟು ತಲೆಯೆತ್ತಿತು. ಹತ್ತಿರ ಬಂದು ಅವನ ಮೊಣಕೈವರೆಗೂ ನೆಕ್ಕಿತು. ಶಿವರಾಜು ಅದರ ಕತ್ತಿನಡಿ ಜೋಲುವ ಗಂಗೆದೊಗಲು ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟ. ಚಲುವರಾಜುವೂ ಕೆಂಪಯ್ಯನೂ ಹಿಂದೆಯೇ ಓಡಿ ಬಂದರು.

“ಬೆವತಿದ್ದೀರಾ, ಉಪ್ಪಿಗೆ ನೆಕ್ತದೆ ಕಣ್ರಿ” ಎಂದ ಕೆಂಪಯ್ಯ. “ಅದು ನಮ್ ಕೊಟ್ಟಿಗೇಲೇ ಉಟ್ಟಿದ್ದು.”

“ಏನಂದ್ರಿ? ಅದು ಉಟ್ಟಿದ್ ದಿನ ಕರು ಎಳೆದೋನು ನಾನು ಕಣ್ರೀ!”

“ಎಣ್ಣು ನೋಡಕ್ ಬಂದಿದ್ದೀರೋ, ಎತ್ತು ನೋಡಕ್ ಬಂದಿದ್ದೀರೋ?”

“ಎತ್ತಿನ್ ವಿಸ್ಯದಲ್ಲಿ ಸುಳ್ಳು ಏಳೋರು ಎಣ್ಣಿನ್ ವಿಸ್ಯದಲ್ಲಿ ಬುಟ್ಟಾರಾ?”

ಮುಗಿಯಿತು! ಚಲುವರಾಜುವಿಗೆ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಹೇಗೋ ಇಬ್ಬರನ್ನೂ ಎಳೆದು ತಂದು ಜಮಖಾನದ ಮೇಲೆ ಕೂರಿಸಿದ. ಅಷ್ಟು ಹೊತ್ತಿಗೆ ಚಂದನ ಕಾಫಿಯ ತಟ್ಟೆ ಹಿಡಿದು ಬಂದಳು. ಫೋಟೋದಲ್ಲಿದ್ದ ನಗುವೇ. ಚಲುವರಾಜು ಲೋಟ ತೆಗೆದುಕೊಳ್ಳಲು ಕೈ ಚಾಚಿದ. ಅದೇ ಗಳಿಗೆಗೆ ಎಡಗಡೆಯಿಂದ ಮಾವ, “ಯೋಳ್ಲಾ ಚಲುವ, ಪುಟ ಸೇರುಸ್ತೀಯೋ ಇಲ್ವೋ?” ಎಂದ. ಬಲಗಡೆಯಿಂದ ಕೆಂಪಯ್ಯ, “ಯೋಳಿ ಅಳಿಯಂದ್ರೆ, ಅಂಗೇ ಮಡುಗ್ತೀರೋ ಇಲ್ವೋ?” ಎಂದ. ಗೋಡೆಯ ಗಡಿಯಾರದಲ್ಲಿ ಆರಕ್ಕೆ ಇಪ್ಪತ್ತು ನಿಮಿಷವಿತ್ತು. ಚಲುವರಾಜು ಕಾಫಿ ಬಿಟ್ಟು ಎರಡೂ ಕೈಯಲ್ಲಿ ತಲೆ ಕೆರೆದುಕೊಂಡ. ಬಾಚಣಿಗೆ ಬ್ಯಾಗಿನಲ್ಲಿದ್ದರೂ ಬೀಗರ ಮುಂದೆ ತೆಗೆಯಲಾರದೆ ಯಶೋದಮ್ಮ ಕೈ ಹಿಸುಕಿಕೊಂಡಳು.

ಬಾಗಿಲ ಬಳಿ ಸರಿದು ನಿಂತ ಚಂದನ ಮೆಲ್ಲಗೆ ಕೇಳಿದಳು: “ಫಾರಂನಲ್ಲಿ ಬೀಜದ ಚೀಲಕ್ಕೆ ಏನಂತ ಬರೀತೀರಾ? ಬೆಳೆದೋರ ಹೆಸ್ರಾ?”

“ಇಲ್ಲ... ತಳಿ ಬರೀತೀವಿ. ಕೈ ಬದಲಾದ್ರೂ ಬದಲಾಗದೆ ಇರೋ ಗುರುತು.”

“ಎತ್ತಿಗೆ ಅಂಥದ್ದೇನೂ ಇಲ್ವಾ?”

ಚಲುವರಾಜುವಿನ ತಲೆಯೊಳಗೆ ಸಾವಿರ ಕ್ಯಾಂಡಲ್ಲಿನ ಬಲ್ಬು ಹತ್ತಿಕೊಂಡಿತು. ಎದ್ದು ನಿಂತೇಬಿಟ್ಟ.

“ಸುಳಿ!” ಎಂದ. “ಮೈಮೇಲಿರೋ ಕೂದ್ಲ ಸುಳಿ! ನೋಡಿ, ಎತ್ತಿನ ಹೆಸ್ರು ಬದಲಾಗ್ತದೆ, ಊರು ಬದಲಾಗ್ತದೆ, ಮಾಲೀಕ ಬದಲಾಗ್ತಾನೆ. ಸುಳಿ ಬದಲಾಗಲ್ಲ. ಮುನ್ನೂರು ಪುಟಾನೂ ಸುಳಿ ಪ್ರಕಾರ ಜೋಡುಸ್ತೀನಿ. ಹಣೆ ಸುಳಿ, ಬೆನ್ನು ಸುಳಿ, ಭುಜದ ಸುಳಿ. ಮೇಲುಗಡೆ ಯಾರ ಹೆಸ್ರೂ ಇರಲ್ಲ. ಕೆಳಗೆ ‘ಸಾಕಿದ ಮನೆಗಳು’ ಅಂತ ಎಲ್ಲಾರ್ದೂ ಒಂದೇ ಅಳತೆ ಅಕ್ಷರದಲ್ಲಿ ಬರ್ತದೆ.”

ಕುಟ್ಟಾಣಿಯ ಸದ್ದು ನಿಂತಿತು. ಹೊಂಬಾಳಮ್ಮನ ಮುಖ ಅರಳಿತ್ತು.

“ಮಾತು ಅಂದ್ರೆ ಇದು ಕಣ್ಲಾ! ಇಷ್ಟ್ ದಿನಕ್ಕೆ ಒಬ್ಬ ತಿಳ್ದೋನು ಬಂದ ನೋಡು ಈ ಮನೆಗೆ. ಲೇ ಕೆಂಪ, ಭೂಪತಿ ಬೆನ್ ಮೇಲಿನ್ ಸುಳಿ ನೋಡಿ ನಾನ್ ಹೂಂ ಅಂದ್ಮೇಲೆ ತಾನೆ ನೀನು ಯಾಪಾರ ಮಾಡಿದ್ದು? ಮನೇಲ್ ಉಟ್ತಂತೆ, ಮನೇಲಿ!”

ಕೆಂಪಯ್ಯ ಇಡೀ ಒಂದು ಕೋಡುಬಳೆ ಬಾಯಿಗೆ ತುರುಕಿಕೊಂಡ. ‘ಸುಳಿ ಪರೀಕ್ಷಿಸಿದವರು: ಹೊಂಬಾಳಮ್ಮ, ಬೆಸಗರಹಳ್ಳಿ’ ಎಂದೂ ಬರೆಯುತ್ತೇನೆಂದು ಚಲುವರಾಜು ಹೇಳಿದ ಮೇಲಂತೂ ಅವನ ಮುಖವೂ ತಿಳಿಯಾಯಿತು. ಶಿವರಾಜು ಕೆಂಪಯ್ಯನ ಕೈ ಹಿಡಿದು, “ವಾರಕ್ಕೊಂದ್ ಸಲ ಬಂದು ನೋಡ್ಕಂಡ್ ಓಯ್ತೀನಿ ಬುಡಿ” ಎಂದ. ಚಲುವರಾಜು ಅಲ್ಲೇ ಕೂತು ಆರಕ್ಕೆ ಐದು ನಿಮಿಷವಿರುವಾಗ ತೀರ್ಪು ಹಾಕಿದ. ಎರಡೂ ಪಕ್ಷದ ನಲವತ್ತೆರಡು ಜನವೂ ಒಪ್ಪಿದರೆಂದು ಗಟ್ಟಿಯಾಗಿ ಓದಿ ಹೇಳಿದ. ಮೂರು ವರ್ಷದಲ್ಲಿ ವಿಕಿಯಲ್ಲಿ ಯಾರೂ ಯಾರಿಗೂ ಬೈಯದ ಮೊದಲ ಗಳಿಗೆ ಅದು. ಚಂದನಾಳ ಕಡೆ ನೋಡಿದ. ಅವಳೂ ನೋಡುತ್ತಿದ್ದಳು. ಮದುವೆ ಶ್ರಾವಣದಲ್ಲೋ ಕಾರ್ತಿಕದಲ್ಲೋ ಎಂದು ಹಿರಿಯರು ಮಾತು ತೆಗೆದರು.

ಆ ಸಂತೋಷದಲ್ಲಿ ಅವನಿಗೆ ತಾಯಿ ಹೇಳಿದ್ದೆಲ್ಲ ಮರೆತುಹೋಯಿತು. ಸೀದಾ ಹೋಗಿ ಹೊಂಬಾಳಮ್ಮನ ಕಾಲಿಗೆ ಬಿದ್ದ.

“ಬ್ಯಾಡ ಕಣೋ!” ಎಂದು ಯಶೋದಮ್ಮ ಕಿರುಚಿದಳು.

ತಡವಾಗಿತ್ತು. ಅಜ್ಜಿಯ ಕೈ ಅವನ ನೆತ್ತಿಯ ಮೇಲಿತ್ತು. “ನೂರ್ ಕಾಲ ಬಾಳು ಮಗ...” ಎಂದ ಕೈ ಅಲ್ಲೇ ನಿಂತಿತು. ಬೆರಳು ಕೆದರಿದ ಕೂದಲನ್ನು ಅತ್ತ ಸರಿಸಿತು, ಇತ್ತ ಸರಿಸಿತು.

“ಒಸಿ ಬೆಳಕ್ಗೆ ತಿರುಗು” ಎಂದಿತು ಅಜ್ಜಿ. ಆಮೇಲೆ, “ಕೆಂಪಾ, ಎಲ್ಡವೆ ಕಣ್ಲಾ.”

“ಏನವ್ವ?”

“ಸುಳಿ. ಎಲ್ಡು ಸುಳಿ ಇರೋನ್ಗೆ ಎಲ್ಡು ಮದ್ವೆ. ಮೊದಲ್ನೇಳು ಬಾಳಕ್ಕಿಲ್ಲ.”

ಯಶೋದಮ್ಮ ಸೆರಗು ಬಾಯಿಗೊತ್ತಿಕೊಂಡಳು. ಹಿಂದೆ ಬಂದ ನಾಲ್ಕು ಸಂಬಂಧಗಳು ಯಾಕೆ ತಪ್ಪಿದವು, ಮೂವತ್ತೆರಡು ವರ್ಷದಿಂದ ಅಷ್ಟೊಂದು ಡಬ್ಬ ಎಣ್ಣೆ ಯಾಕೆ ಖರ್ಚಾಯಿತು ಎನ್ನುವುದು ಚಲುವರಾಜುವಿಗೆ ಆಗ ಹೊಳೆಯಿತು. ತನ್ನ ನೆತ್ತಿಯನ್ನು ಅವನು ಎಂದಾದರೂ ನೋಡಿಕೊಂಡಿದ್ದನೇ?

“ಅಜ್ಜಿ, ಅದೆಲ್ಲ ಮೂಢನಂಬಿಕೆ” ಎಂದು ತೊದಲಿದ.

“ಇದೇನ್ಲಾ ಇದು? ಹೆಸ್ರು ಬದಲಾಯ್ತದೆ, ಊರು ಬದಲಾಯ್ತದೆ, ಸುಳಿ ಬದಲಾಗಕ್ಕಿಲ್ಲ ಅಂತ ಈಗ್ ತಾನೆ ನೀನೇ ಅಂದೆ. ನಲವತ್ತೆಲ್ಡು ಜನ ಹೂಂ ಅಂದವ್ರೆ.”

“ಅಜ್ಜಿ ಏಳೋದ್ರಲ್ಲೂ ನ್ಯಾಯ ಅದೆ” ಎಂದ ಶಿವರಾಜು. ಅವನೀಗ ಎತ್ತಿನ ಕಾರಣಕ್ಕೆ ಈ ಮನೆಯ ಬಂಧು.

ಹೊಂಬಾಳಮ್ಮನಿಗೂ ಪಾಪ ಅನ್ನಿಸಿತು. “ಬೇಜಾರ್ ಮಾಡ್ಕಬೇಡ ಮಗ. ಮೊದಲ್ನೇದು ಎಲ್ಲಾದ್ರೂ ಮುಗುಸ್ಕೊಂಡ್ ಬಾ. ಎಲ್ಡ್ನೇದಕ್ಕೆ ನಮ್ಮುಡ್ಗೀನೇ ಕೊಡ್ತೀವಿ.”

ಮದ್ದೂರಿನಿಂದ ಮಂಡ್ಯಕ್ಕೆ ವಾಪಸು ಹೋಗುವ ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂತಿದ್ದರು. ಮೊಬೈಲು ಟಿಣ್ ಎಂದಿತು. ವಿಕಿಯಲ್ಲಿ ‘ಎರಡು ಸುಳಿ’ ಅನ್ನುವ ಹೊಸ ವಿಭಾಗ ಹುಟ್ಟಿತ್ತು. ಅದರಲ್ಲಿ ಒಂದೇ ಒಂದು ಪುಟವಿತ್ತು.

‘ಹೆಸರು: ಚಲುವರಾಜು. ಊರು: ಮಂಡ್ಯ. ಹಲ್ಲು: ಪೂರ್ತಿ ಬಂದಿವೆ. ನಡತೆ: ಸಾಧು, ಹಾಯುವುದಿಲ್ಲ. ಚಾಳಿ: ತಲೆ ಕೆರೆದುಕೊಳ್ಳುವುದು. ಸುಳಿ ಪರೀಕ್ಷಿಸಿದವರು: ಹೊಂಬಾಳಮ್ಮ, ಬೆಸಗರಹಳ್ಳಿ. ಸಾಕಿದ ಮನೆ: ಯಶೋದಮ್ಮ. ಮುಂದಿನ ಮನೆ: ಖಾಲಿ.’

ಬರೆದವರು: ಮೂಗುದಾರ.

ಆ ಪಡಸಾಲೆಯಲ್ಲಿ ಇದ್ದವರಲ್ಲಿ ಕಂಪ್ಯೂಟರು ಬಲ್ಲವಳು ಒಬ್ಬಳೇ. ಬೆಳಿಗ್ಗೆ ಎಣ್ಣೆ ಹಚ್ಚಿಸಿಕೊಳ್ಳುವ ಹೊತ್ತಿನಲ್ಲಿ ಅಪ್ಪನ ಗುಟ್ಟು ರಟ್ಟು ಮಾಡಿದವಳೂ ಅವಳೇ. ಚಲುವರಾಜು ಸರಕ್ಕನೆ ‘ಅಳಿಸು’ ಒತ್ತಿದ. ‘ಮತ ಹಾಕದೆ ಯಾವ ಪುಟವನ್ನೂ ಅಳಿಸುವಂತಿಲ್ಲ’ ಎಂದು ಅವನದೇ ಕಾನೂನು ಎದುರು ಬಂತು. ‘ಇರಲಿ’ ಎಂದು ಆಗಲೇ ಹನ್ನೊಂದು ಮತ ಬಿದ್ದಿದ್ದವು. ಮೊದಲನೆಯದು ಪಕ್ಕದಲ್ಲಿ ಕೂತಿದ್ದ ಮಾವನದು.

“ಅದೇನ್ಲಾ ಅದು? ಓದು” ಎಂದಳು ಯಶೋದಮ್ಮ. ಅವನು ಓದಿದ. ಅವಳು ಕಣ್ಣು ಒರೆಸಿಕೊಂಡು, “ಅದೇನು, ಸಾಕಿದ ಮನೆ ಅಂತ ನನ್ ಹೆಸ್ರು ಹಾಕವ್ರಾ?” ಎಂದು ಕೇಳಿದಳು.

“ಹೂಂ.”

“ಎಲ್ಲಾರೂ ಓದ್ತಾರಾ ಅದ್ನ?”

“ಹೂಂ ಕಣವ್ವ.”

ಯಶೋದಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಆಮೇಲೆ ತಮ್ಮನ ಕಡೆ ತಿರುಗಿ, “ಸಿವರಾಜು, ಇರ್ಲಿ ಅಂತ ನಂದೂ ಒಂದು ಒತ್ಬುಡು” ಎಂದಳು.